ಠಕಾರದ ಗುಂಡಿ

ಕೌಲ್ ಬಜಾರಿನ ಹಿಂದೆ ಜೀನ್ಸ್ ಹೊಲಿದು ತೊಳೆಯುತ್ತಿದ್ದ ಶೆಡ್ಡು.
ಮುಚ್ಚಿ ನಾಕು ವರ್ಷ. ಚರಂಡಿಗಿನ್ನೂ
ಸುದ್ದಿ ಮುಟ್ಟಿಲ್ಲ,
ಮಳೆ ಬಂದರೆ ಈಗಲೂ ನೀಲಿ ಹರಿಯುತ್ತದೆ.

ಇಲ್ಲಿ ಓಣಿಯ ಮಕ್ಕಳಿಗೆ ಚಿತ್ರದ ಶಾಲೆ ಎಂದರು ಶಂಷಾದ್ ಟೀಚರ್.
ಪೆನ್ಷನ್ ದುಡ್ಡಲ್ಲಿ ರಸೀದಿ ಪುಸ್ತಕ ಅಚ್ಚು ಹಾಕಿಸಿ
ಬ್ರೂಸ್‌ಪೇಟೆ, ಮೋಕಾ ರೋಡು, ಎಪಿಎಂಸಿ ಯಾರ್ಡು,
ಬಿಸಿಲಲ್ಲಿ ಒಂದೊಂದೇ ಹಾಳೆ ಹರಿಯುತ್ತ ನಡೆದರು.
ನನ್ನನ್ನು ಕರೆದದ್ದು ಕೊನೆಗೆ, ಗೋಡೆಗೆ:
"ಗಾದಿಲಿಂಗಪ್ಪ, ದಾನಿಗಳ ಹೆಸರು ನೀನೇ ಬರಿ.
ಫ್ಲೆಕ್ಸ್ ಬೇಡ."

ಫ್ಲೆಕ್ಸ್ ಬೇಡ!
ಹದಿನೈದು ವರ್ಷದಿಂದ ಯಾರ ಬಾಯಲ್ಲೂ ಕೇಳದ ಮಾತು.
ಮೊಣಕಾಲ ನೋವು ಮರೆತು ಏಣಿ ಹತ್ತಿದೆ.

ಅಕ್ಷರಕ್ಕೆ ರೇಟು ಇತ್ತು.
ಸಾವಿರಕ್ಕೆ ಬೆರಳುದ್ದ, ಹತ್ತು ಸಾವಿರಕ್ಕೆ ಗೇಣು,
ಲಕ್ಷ ದಾಟಿದರೆ ಮೊಳ.
ಅದಿರು ಲಾರಿಗಳ ಎರ್ರೆಪ್ಪ ಬಣ್ಣದ ಡಬ್ಬಿಗಳನ್ನೇ ಇಳಿಸಿದ,
ಒಂದರಲ್ಲೂ ಕೆಂಪಿಲ್ಲ.
"ಕೆಂಪು ಬಿಡ್ರಿ, ನೋಡಿ ನೋಡಿ ಸಾಕಾಗೈತೆ."
ಇಡ್ಲಿ ಗಾಡಿಯ ನಾಗವೇಣಿ ದಿನಕ್ಕೈದು ರೂಪಾಯಿ ಕಟ್ಟಿದಳು,
ಬೆರಳುದ್ದಕ್ಕೆ ಇನ್ನೂ ಉಗುರಷ್ಟು ಕಡಿಮೆ.
ಅಷ್ಟನ್ನು ನನ್ನ ಬ್ರಷ್ಷು ಸಾಲ ಕೊಟ್ಟಿತು.

ಶೆಡ್ಡು ಕೊಟ್ಟವನು ಅದರ ಯಜಮಾನನೇ,
ಐದು ವರ್ಷ, ಬಾಡಿಗೆಯಿಲ್ಲದೆ. ಕರಾರು ಒಂದೇ:
ತನ್ನಪ್ಪನ ಹೆಸರು, ಮೊಳದುದ್ದ, ಬಾಗಿಲ ಮೇಲೆ.
ವಿಠೋಬಪ್ಪ.

ಬರೆದೆ. ನಮ್ಮ ಅಕ್ಷರದ ಸಂಗತಿ ಗೊತ್ತಲ್ಲ,
ದೊಡ್ಡದು ಮಾಡಿದಷ್ಟೂ ಹೊಟ್ಟೆ ಖಾಲಿ ಕಾಣುತ್ತದೆ.
ವಿ ಒಂದು ಗಡಿಗೆ, ಬ ಬಾಯಿ ತೆರೆದ ಬುಟ್ಟಿ,
ಠ ಮಾತ್ರ ಪೂರಾ ದುಂಡು, ನಡುವೆ ಒಂದು ಚುಕ್ಕೆ.
ಆ ಚುಕ್ಕೆ ಇಡಬೇಕು ಅನ್ನುವಾಗ
ಕೆಳಗೆ ಯಾರೋ ಕೆಮ್ಮಿದರು.

ಹುಲಿಗೆಮ್ಮ. ಇದೇ ಶೆಡ್ಡಿನಲ್ಲಿ ಹನ್ನೊಂದು ವರ್ಷ
ಪ್ಯಾಂಟುಗಳಿಗೆ ಗುಂಡಿ ಹೊಡೆದವಳು.
ಸೊಂಟದ ಚೀಲವನ್ನು ಝಲ್ಲೆಂದು ಇಳಿಸಿದಳು.
ಹಿತ್ತಾಳೆ ಬಣ್ಣದ ಗುಂಡಿಗಳು, ಮೂತಿಯವರೆಗೂ.

"ಬೀಗ ಹಾಕಿದ ದಿನ ಕೂಲಿ ಕೇಳಿದ್ವಿ, ಮೂರು ವಾರದ್ದು.
ರೊಕ್ಕ ಇಲ್ಲ, ಇವನ್ನೇ ತಗೊಂಡು ಹೋಗ್ರಿ ಅಂದ್ರು.
ಮಂಚದ ಕೆಳಗ ಇಟ್ಟಿದ್ದೆ.
ಗುಜರಿಯವ ಸೈತ ಮುಟ್ಟಲಿಲ್ಲ.
ಹುಡುಗ್ರು ಏನಾರ ಮಾಡ್ಕೊಳ್ಳಿ."

ಬಳ್ಳಾರಿಯವರಿಗೆ ಗುಂಡಿ ಎಂದರೆ ಎರಡು:
ತೋಡಿದ್ದು, ಹೊಲಿದದ್ದು.
ಎರಡರಲ್ಲೂ ಕೂಲಿ ಬಿದ್ದು ಹೋಗಿದೆ.

ಟೀಚರ್ ರಸೀದಿ ತೆಗೆದರು. ಪೆನ್ನು ಬಹಳ ಹೊತ್ತು ನಿಂತಿತು.
ದಾನಿ: ಹುಲಿಗೆಮ್ಮ.
ವಿವರ: ಗುಂಡಿ, ಒಂದು ಚೀಲ.
ಮೌಲ್ಯ: ಮೂರು ವಾರ.
"ಇದಕ್ಕೆ ಎಷ್ಟುದ್ದದ ಅಕ್ಷರ?" ಏಣಿ ಮೇಲಿಂದ ಕೇಳಿದೆ.
ಅವಳು ನಕ್ಕಳು. "ನನಗ ಓದಾಕ ಬರಲ್ಲ,
ಬರದು ಏನು ಮಾಡ್ತಿ?"

ಚುಕ್ಕೆ ಇಡಲಿಲ್ಲ.
ಚೀಲದಿಂದ ಒಂದು ಗುಂಡಿ ಆರಿಸಿ
ಠಕಾರದ ನಡುವೆ ಕೂರಿಸಿದೆ.

ಉದ್ಘಾಟನೆಯ ದಿನ ಯಜಮಾನ ಬಂದ,
ಅಪ್ಪನ ಹೆಸರಿನ ಕೆಳಗೆ ಚಪ್ಪಲಿ ಬಿಟ್ಟು ನಿಂತ.
ಕೋಟೆ ಗುಡ್ಡದಿಂದ ಜಾರಿದ ಸಂಜೆ ಬಿಸಿಲು
ಸೀದಾ ಆ ಗುಂಡಿಗೇ ಬಿತ್ತು.
ಗುರುತು ಹತ್ತಿತೋ ಇಲ್ಲವೋ,
ಅವನ ಕೈ ತನ್ನಷ್ಟಕ್ಕೆ ಸೊಂಟದ ಗುಂಡಿ ಮುಟ್ಟಿಕೊಂಡಿತು.
ಏನೂ ಅನ್ನಲಿಲ್ಲ. ಅರ್ಧ ಚಹಾ ಬಿಟ್ಟು ಹೋದ.

ಈಗ ಬುಧವಾರ, ಶನಿವಾರ ಕ್ಲಾಸು. ಮೂವತ್ತೆರಡು ಮಕ್ಕಳು.
ಗುಂಡಿ ಜೋಡಿಸಿ ಮೀನು ಮಾಡುತ್ತಾರೆ, ಲಾರಿ ಮಾಡುತ್ತಾರೆ,
ಗೋಡೆ ತುಂಬಿ ಚೀಲ ಬರಿದಾಯಿತು.
ಹುಲಿಗೆಮ್ಮನ ಮೊಮ್ಮಗಳು ಅಜ್ಜಿಯ ಮುಖ ಮಾಡಿದ್ದಾಳೆ,
ಒಂದು ಕಣ್ಣಿಗೆ ಗುಂಡಿ ಸಾಲದೆ
ಬಾಗಿಲ ಮೇಲೆ ಬೆರಳು ತೋರಿಸುತ್ತಾಳೆ:
"ತಾತಾ, ಆ ಮೇಲಿಂದು ಕೊಡ್ತೀಯಾ?"

ಏಣಿ ಹಿಡಿದು ನಿಂತಿದ್ದೇನೆ.