ಎರಡೂವರೆ ಮಾರು

ನಾನು ಸಮುದ್ರ ಕಂಡವನಲ್ಲ.
ಲಂಡನ್ನಿನ ಹಿಂಬದಿ ಕೋಣೆಯಲ್ಲಿ, ಗ್ಯಾಸ್ ದೀಪದಡಿ,
ಪರದೇಶದ ಕರಾವಳಿಗಳನ್ನು ಎಡಬಲ ತಿರುವಿ
ತಾಮ್ರದ ತಗಡಿನಲ್ಲಿ ಕೊರೆಯುವವನು.
ಟ್ರಿವೆಲ್ಲಾ ಸಾಹೇಬರನ್ನು ಬಲ್ಲೆ, ಅಕ್ಷರದಿಂದ ಮಾತ್ರ.

ಮೊದಲು ಬಂದದ್ದು ಮಿಡ್‌ಶಿಪ್‌ಮನ್ ಪೋರನ ದುಂಡು ಬರಹ:
ಏಳಕ್ಕೆ ಬಾಲ, ಒಂಬತ್ತಕ್ಕೆ ಹೊಟ್ಟೆ.
ಆಮೇಲೆ ಲೆಫ್ಟಿನೆಂಟ್; ಗೆರೆ ಬಿಗಿಯಿತು.
ಜಾಂಬೆಜಿ ಅಳಿವೆಯ ಚಳಿಜ್ವರ
ನನಗೆ ಕಂಡಿತು ಮೂರರ ಸೊಂಟದ ನಡುಕದಲ್ಲಿ.
ಕಮಾಂಡರ್ ಆದಾಗ ಸಹಿ ಉದ್ದವಾಯಿತು,
ಹಡಗು ಚಿಕ್ಕದಾಯಿತು.

ಅದೇ ವರ್ಷ ಒಂದು ಮರಳುದಿಣ್ಣೆಯ ಪಕ್ಕ
ಪುಟ್ಟದಾಗಿ ಬರೆದಿದ್ದರು: ಜಾಬ್ ಪೆಂಗೆಲ್ಲಿ ದಿಣ್ಣೆ.
ಕೊರೆದೆ.
ಮೇಲಿನವರು ಕೇಳಿದರು, ಯಾರಿವನು?
ಲಾರ್ಡೇ? ಯಾವುದಾದರೂ ಅಡ್ಮಿರಲ್ಲನ ಅಳಿಯನೇ?
ಉತ್ತರ ಬರಲು ಐದು ತಿಂಗಳು:
‘ಸೀಸದ ಗುಂಡು ಇಳಿಬಿಡುವ ಹುಡುಗ. ಹದಿನಾಲ್ಕು.
ಆಳ ಕೂಗಿ ಹೇಳಿದ. ಅಲೆ ಬಂತು.’
ಅಳಿಸು ಎಂದರು.

ತಾಮ್ರದಲ್ಲಿ ಅಳಿಸುವುದೆಂದರೆ
ತಗಡನ್ನು ಬೋರಲು ಹಾಕಿ ಬೆನ್ನಿಗೆ ಹೊಡೆಯುವುದು,
ಕೊರೆದದ್ದು ಉಬ್ಬಿ ಸಮವಾಗುವ ತನಕ;
ಮತ್ತೆ ಮಗುಚಿ ಇದ್ದಿಲಿನಿಂದ ಉಜ್ಜುವುದು.
ಹೊಡೆದೆ, ಉಜ್ಜಿದೆ.
ಹುಡುಗ ಕೂಗಿದ ಅಂಕಿಯನ್ನು ಮುಟ್ಟಲಿಲ್ಲ.
ಎರಡೂವರೆ ಮಾರು.

ಸಾಹೇಬರು ಈಗ ಗಾಸ್‌ಪೋರ್ಟಿನಲ್ಲಂತೆ,
ಅರ್ಧ ಸಂಬಳ, ಒಂದು ಪಾತಿ ಎಲೆಕೋಸು.
ಕ್ಯಾಪ್ಟನ್ ಮಾಡಲೇ ಇಲ್ಲ.
ಕಾಸು ಕೊಟ್ಟು ತಮ್ಮದೇ ನಕಾಶೆ ಕೊಂಡಿರಬಹುದು,
ಅಲ್ಲಿ ಬೆರಳಾಡಿಸಿರಬಹುದು.
ಕಾಗದ ನುಣುಪು, ಏನೂ ಹೇಳದು.

ತಗಡು ನನ್ನ ಕಪಾಟಿನಲ್ಲಿದೆ.
ಸುತ್ತಿಗೆ ಬಿದ್ದಲ್ಲಿ, ಬೆನ್ನ ಮೇಲೆ, ಒಂದು ತಗ್ಗು.
ಧೂಳು ಒರೆಸುವಾಗ ಹೆಬ್ಬೆರಳು
ಕೇಳದೆಯೇ ಅದರೊಳಗೆ ಇಳಿಯುತ್ತದೆ.