ತಲೆಗೆ ಇಷ್ಟು ಮಣ್ಣು

ಬೆಳಗಿನ ಐದಕ್ಕೆ ಮುಚ್ಚಳ ಎತ್ತುವವಳು ನಾನು.
ಊರು ವಾಲ್ದೊರಾ, ಕ್ಯಾಲಿಫೋರ್ನಿಯಾದ ಬಾದಾಮಿ ಬಯಲು,
ಜನ ಎಂಟು ಸಾವಿರದ ನೂರು,
ನಗರಸಭೆಯಲ್ಲಿ ಕಸಕ್ಕೆಂದು ಇರುವವಳು ಒಬ್ಬಳೇ,
ಮರಿಸೇಲ ಕೆಸಾದ. ತಲೆಗೆ ಟಾರ್ಚು, ಕೈಗೆ ಗವಸು,
ಜೇಬಿನಲ್ಲಿ ಎರಡು ಬಣ್ಣದ ಚೀಟಿ:
ಹಸಿರಾದರೆ ಶಾಭಾಸು, ಕೆಂಪಾದರೆ ಬುದ್ಧಿವಾದ.

ಲಾರಿ ಬರುವ ಮೊದಲು ಬೀದಿ ಮುಗಿಸಬೇಕು.
ಜನ ಮಲಗಿರುವಾಗಲೇ ಅವರ ರಾತ್ರಿಯೂಟ ಓದುತ್ತೇನೆ:
ಜೋಳದ ರವುದಿ, ಕಾಫಿ ಚರಟ, ಅರ್ಧ ತಿಂದ ಹುಟ್ಟುಹಬ್ಬ,
ಹಸಿರು ಡಬ್ಬಿಗೆ ದಾರಿ ತಪ್ಪಿ ಬಂದ ನೀರಿನ ಪೈಪು,
ಮಗುವಿನ ಡೈಪರು, ಒಮ್ಮೆ ಒಂದು ಟೋಸ್ಟರು.
ಷೊಂಗ್ ಅಜ್ಜಿಯ ಡಬ್ಬಿ ಮಾತ್ರ ಸದಾ ಖಾಲಿ.
ಕೇಳಿದರೆ ಹಿತ್ತಲಿಗೆ ಕರೆದೊಯ್ದು ತಿಪ್ಪೆ ತೋರಿಸಿದಳು,
ಹಬೆಯಾಡುವ ತಿಪ್ಪೆ, ಮೇಲೆ ಹಬ್ಬಿದ ಸೋರೆಬಳ್ಳಿ.
"ನಿಮ್ಮ ಕಾನೂನು ಈಗ ಹುಟ್ಟಿತೇ?" ಎಂದು
ಮೊಮ್ಮಗನ ಬಾಯಲ್ಲಿ ಕೇಳಿಸಿದಳು.
ನನ್ನ ಫಾರಮ್ಮಿನಲ್ಲಿ ಅದಕ್ಕೂ ಒಂದು ಕಾಲಮ್ಮಿದೆ: ವಿನಾಯಿತಿ.

ಎತ್ತುವುದು ಅರ್ಧ ಕಾನೂನು.
ಉಳಿದರ್ಧ ಮಾರ್ಚಿಯಲ್ಲಿ ರಾಜಧಾನಿಯಿಂದ ಬಂತು, ಸ್ಟೇಪಲ್ ಹೊಡೆದು:
ಕೊಟ್ಟ ಕಸ ಗೊಬ್ಬರವಾದ ಮೇಲೆ
ಊರೇ ಅದನ್ನು ಮರಳಿ ಪಡೆಯಬೇಕು, ತಲೆಗೆ ಇಷ್ಟು ಎಂದು.
ಕೂಡಿ ಗುಣಿಸಿದೆ. ಮೂವತ್ತೊಂದು ಲಾರಿ.
ನಮಗಿರುವುದು ಒಂದು ಬೇಸ್‌ಬಾಲ್ ಮೈದಾನ,
ಗ್ರಂಥಾಲಯದ ಮುಂದೆ ಎರಡು ಗುಲಾಬಿ ಗಿಡ.
ತೋಟದವರು "ಪುಕ್ಕಟೆಯಾದರೂ ಗಾಜಿನ ಚೂರು ಆರಿಸುವವರು ಯಾರು" ಎಂದರು.
ಮೇಯರ್ ಡೆಲ್ಬರ್ಟ್ ಕನ್ನಡಕ ಒರೆಸುತ್ತ,
"ಕಾಗದದ ಮೇಲೆ ಹರಡಿಬಿಡು, ಮರಿಸೇಲ."
ತಿಪ್ಪೆ ಸಾರಿಸುವುದೆಂದರೆ ಅದೇ.
ಒಲ್ಲೆ ಎಂದೆ. ಸಹಿ ಬೀಳುವುದು ನನ್ನದು.

ಏಪ್ರಿಲ್‌ನ ಒಂದು ಮಂಗಳವಾರ, ವಾಲ್‌ನಟ್ ಬೀದಿ,
ಮುಚ್ಚಳ ಎತ್ತಿದರೆ ಹೂಚಕ್ರ.
ಮೂರು ದಿನದ್ದು, ಕಂದಿದ ಗ್ಲಾಡಿಯೋಲಸ್,
ಒಳಗೆ ತಂತಿ, ಫೋಮು, ಅಡ್ಡಲಾಗಿ ರಿಬ್ಬನ್ನು,
ಹೊಳೆಯುವ ಅಕ್ಷರದಲ್ಲಿ: ನಮ್ಮ ಅಪ್ಪನಿಗೆ.
ನಿಯಮ ಸ್ಪಷ್ಟ. ಹೂವು ಹಸಿರಿಗೆ, ಉಳಿದದ್ದು ಕಪ್ಪಿಗೆ,
ಮನೆಗೆ ಕೆಂಪು ಚೀಟಿ.
ಚೀಟಿ ತೆಗೆದೆ. ಪೆನ್ನು ತೆಗೆದೆ.
ಅಡುಗೆಮನೆಯಲ್ಲಿ ದೀಪವಿತ್ತು, ಯಾರೋ ಎದ್ದೇ ಇದ್ದರು.
ರಸ್ತೆಯಂಚಿಗೆ ಕೂತು ತಂತಿ ಬಿಡಿಸಿದೆ, ಒಂದೊಂದೇ ಕಾಂಡ,
ಲಾರಿ ತಿರುವಿನಲ್ಲಿ ಹಾರ್ನ್ ಹೊಡೆಯುವವರೆಗೆ.
ಆ ಮನೆಯ ಎದುರು ಬರೆದೆ: ಶುದ್ಧ.
(ಕಾಗದದ ಮೇಲೆ ಹರಡಲಾರೆ ಎಂದವಳೇ.)

ಜಾಗ ಸಿಕ್ಕಿದ್ದು ಆಗಸ್ಟಿನಲ್ಲಿ.
ಸ್ಮಶಾನ ಕಾಯುವ ಅರ್ಲಿಂಡೊ ಬೆಟೆನ್‌ಕೋರ್ಟ್ ಫೋನ್ ಮಾಡಿದ:
ಹುಲ್ಲು ಸತ್ತಿದೆ, ನೆಲ ಬಿರಿದು ಕಲ್ಲುಗಳು ವಾಲಿವೆ,
"ನಿನ್ನ ಹತ್ತಿರ ಮಣ್ಣಿದೆಯಂತಲ್ಲ?"
ಬದುಕಿರುವ ತಲೆ ಎಣಿಸಿ ಬಂದ ಮಣ್ಣು
ಎಣಿಕೆಯಿಂದ ಬಿಟ್ಟವರ ಮೇಲೆ ಬಿತ್ತು,
ಹದಿನಾಲ್ಕು ಲಾರಿ, ಕರ್ರಗೆ, ಇನ್ನೂ ಬೆಚ್ಚಗೆ.
ಸಲಿಕೆ ಹಿಡಿದವರು ಮೂವರೇ.
ಸಂಜೆಗೆ ಯಾರೂ ಕರೆಯದೆ ಜನ ಬಂದರು,
ತಂತಮ್ಮವರ ಮೇಲೆ ಬೊಗಸೆಯಿಂದ ಹರಡಿದರು;
ಒಮ್ಮೆ ಮಣ್ಣು ಕೊಟ್ಟು ಹೋದವರೇ ಮತ್ತೆ ಕೊಟ್ಟರು.

ಇನ್ನೂ ಹದಿನೇಳು ಲಾರಿ ಬಾಕಿ.
ವರದಿಯಲ್ಲಿ ಸ್ಮಶಾನಕ್ಕೆ ಸಂಕೇತವಿಲ್ಲ,
"ಉದ್ಯಾನ, ಇತರೆ" ಎಂದು ತುಂಬಿದ್ದೇನೆ.
ಒಂದು ಹೊಸ ಗೋರಿಯ ಮೇಲೆ, ಕಪ್ಪು ಪುಡಿಯ ನಡುವೆ,
ಎಲ್ಲ ಜರಡಿ ದಾಟಿ ಬಂದ ಬಾಳೆಹಣ್ಣಿನ ಸ್ಟಿಕರು,
ಅಳಿಯದ ನಾಲ್ಕು ಅಂಕಿ.
ಉಗುರಿನಿಂದ ಎಬ್ಬಿಸಿ ಜೇಬಿಗೆ ಹಾಕಿಕೊಂಡೆ.
ಯಾವ ಡಬ್ಬಿಗೆ ಎಂದು ಕೇಳಬೇಡಿ.
ಅಲ್ಲಿ ಆ ರಿಬ್ಬನ್ನೂ ಇದೆ.