ಮಣೆ

ರನ್ವಾ ಮರೆತದ್ದು ಒಂದೇ ಒಂದು ಪತ್ರ.
ಹೆಸರಿನ ಬಾಡಿಗೆ ತುಂಬಿ, ಇಲ್ಲವಾದರೆ ಹೋಗುತ್ತದೆ ಎಂದಿತ್ತು.
ಆ ವಾರ ಕ್ಲಾಕ್ಸ್‌ವೀಕ್‌ನಲ್ಲಿ ಗಾಳಿ ಎಷ್ಟಿತ್ತೆಂದರೆ
ಕಸದ ಡಬ್ಬಿಗಳು ಬಂದರಿನವರೆಗೆ ಉರುಳಿ ಹೋಗಿದ್ದವು.
ಅವನ್ನು ಹುಡುಕಿ ತರುವುದರಲ್ಲಿ ಪತ್ರ ಮರೆಯಿತು.

ಹೆಸರು ಹೋಯಿತು.
ಅಂಗಡಿ ಇತ್ತು, ಉಣ್ಣೆ ಇತ್ತು, ಕಪಾಟಿನಲ್ಲಿ
ಬೂದು, ಕಂದು, ಕುರಿಯ ಮೈಬಣ್ಣದ ಉಂಡೆಗಳಿದ್ದವು,
ಬಾಗಿಲ ಮೇಲಿನ ಹಲಗೆಯೂ ಹಾಗೇ ಇತ್ತು.
ಜಾಲದಲ್ಲಿದ್ದ ಹೆಸರನ್ನು ಮಾತ್ರ
ವಿನಿಪೆಗ್‌ನ ಯಾವನೋ ಕೊಂಡುಕೊಂಡ.
ಅವನ ಹಟ್ಟಿಯಲ್ಲಿ ಇಂಥವು ಸಾವಿರದ ನಾನೂರು:
ಮೇವಿಲ್ಲ, ನೀರಿಲ್ಲ, ಹೆಸರು ಹಿಡಿದು ಕರೆಯುವವರಿಲ್ಲ,
ಆದರೂ ತೊಟ್ಟು ತೊಟ್ಟು ಹಾಲು ಕೊಡುತ್ತವೆ.

ಮುಖ ನೋಡಿ ಮಣೆ ಹಾಕುವವರನ್ನು ಕಂಡಿದ್ದೇವೆ.
ಆ ಪುಟಕ್ಕೆ ಮುಖ ಬೇಡ.
ಬಾಗಿಲು ತಟ್ಟುವಷ್ಟರಲ್ಲಿ ಕಾಲಿನ ಮಣ್ಣು ನೋಡಿ
ಊರು ಹೇಳಿಬಿಡುತ್ತದೆ, ಮಣೆ ಹಾಕಿಬಿಡುತ್ತದೆ.

ಆಬರ್ಡೀನ್‌ನಿಂದ ಚಿಕ್ಕಮ್ಮ ತೆರೆದಳು:
ಬಾಯ್ಲರ್ ರಿಪೇರಿ, ಇಂದೇ ಬರುತ್ತೇವೆ.
ತಮ್ಮ ಹೋಗ್ನಿ ಮೀನುಹಡಗಿನ ಮೇಲಿಂದ ತೆರೆದ;
ಉಪಗ್ರಹದ ಗುಣವೋ ಏನೋ, ಅವನನ್ನು ಜರ್ಮನಿಯಲ್ಲಿ ಇಳಿಸಿ
ಹಲ್ಲಿನ ವಿಮೆ ತೋರಿಸಿತು.
ನಿನ್ನೆ ತಾನೆ ಅವನ ದವಡೆ ಹಲ್ಲು ಮುರಿದಿತ್ತು.
'ಇದಕ್ಕೆ ಹೇಗೆ ಗೊತ್ತಾಯ್ತು?' ಎಂದು
ಅರ್ಧ ಭಯ, ಅರ್ಧ ಭಕ್ತಿ ಅವನಿಗೆ.

ಕ್ಲಾಕ್ಸ್‌ವೀಕ್‌ನಿಂದ ರನ್ವಾಳೇ ತೆರೆದಾಗ
ಪುಟ ಒಂದು ಗಳಿಗೆ ತಡವರಿಸಿತು.
ಇಷ್ಟಗಲದ ದ್ವೀಪಗಳಿಗಾಗಿ
ಜಾಹೀರಾತಿಗೆ ದುಡ್ಡು ಸುರಿಯುವವರು ಯಾರು?
ಪಕ್ಕದಲ್ಲಿದ್ದ ಡೆನ್ಮಾರ್ಕಿನ ಮಣೆಯನ್ನೇ ಎಳೆದು ಹಾಕಿತು:
ಕೋಪನ್‌ಹೇಗನ್, ಎರಡು ಕೋಣೆಯ ಮನೆ,
ಮೆಟ್ರೋ ನಿಲ್ದಾಣಕ್ಕೆ ಎರಡೇ ನಿಮಿಷ.
ಕೆಳಗೆ, ಬುಟ್ಟಿ ಕಟ್ಟಿದ ಹಸಿರು ಸೈಕಲ್ಲು.

ಅವಳು ನಗಲಿಲ್ಲ. ಕಿಟಕಿಯಾಚೆ ಕಲ್ಲುಗುಡ್ಡ
ನೆಟ್ಟಗೆ ಸಮುದ್ರಕ್ಕೆ ಇಳಿದಿತ್ತು, ಅದರ ಮೇಲೆ ಕುರಿಗಳು,
ಮೊಳೆ ಹೊಡೆದು ನಿಲ್ಲಿಸಿದಂತೆ.

ವಿನಿಪೆಗ್‌ಗೆ ಬರೆದಳು. ಉತ್ತರ ಬಂತು, ಸಭ್ಯವಾಗಿತ್ತು:
ಎರಡು ಸಾವಿರ ಡಾಲರ್.
ಅಷ್ಟರಲ್ಲಿ ಇಡೀ ಬೀದಿಗೆ ಸ್ವೆಟರ್ ತೊಡಿಸಬಹುದಿತ್ತು,
ನಾಯಿಗಳನ್ನೂ ಸೇರಿಸಿ.

ಅಲ್ಲಿನ ಖಾತೆಯಲ್ಲಿ ಬೆರಳಿಗೂ ದರವಿದೆ.
ನಾರ್ವೆಯ ಬೆರಳು ಒತ್ತಿದರೆ ಮೂವತ್ತು ಸೆಂಟು,
ಬ್ರಿಟನ್ನಿನದು ಹದಿನೆಂಟು,
ಕಠ್ಮಂಡುವಿನ ಬೆರಳು ಅಷ್ಟೇ ಬಿಗಿಯಾಗಿ ಒತ್ತಿದರೂ
ಸೆಂಟಿನ ಹತ್ತನೇ ಒಂದು ಪಾಲು.
ಕೊನೆಯ ಸಾಲಿನಲ್ಲಿ 'ಇತರೆ'.
ಅಲ್ಲಿ ಫ್ಯಾರೋ, ಇನ್ನೂ ಇಪ್ಪತ್ತು ನಾಡುಗಳ ಜೊತೆ
ತೊಡೆಗೆ ತೊಡೆ ತಾಗಿಸಿ ಕೂತಿದೆ.

ಮಂಗಳವಾರ ದಾನ್ಯಲ್ ಬಂದ.
ಮೂವತ್ತು ವರ್ಷ ಜನರನ್ನು ದ್ವೀಪದಿಂದ ದ್ವೀಪಕ್ಕೆ ದಾಟಿಸಿದವನು,
ವರ್ಷಕ್ಕೆ ನಾಲ್ಕು ಜೊತೆ ಕಾಲುಚೀಲ ಒಯ್ಯುವವನು.
ಟೋಪಿ ತೆಗೆದು ಬಾಗಿಲಲ್ಲೇ ನಿಂತ,
ಸಾವಿನ ಮನೆಗೆ ಬಂದವನ ಹಾಗೆ.
'ಈಗ ಸೈಕಲ್ ಮಾರ್ತೀಯಂತೆ.
ಮಾರು ಮಾರಾಯ್ತಿ, ಹೊಟ್ಟೆಪಾಡು. ಆದರೆ ಈ ಗಾಳಿಗೆ?
ಬುಟ್ಟಿ ಬೇರೆ ಕಟ್ಟಿದ್ದೀ!'

ಅವಳು ಹೇಳಿದಳು: ಪತ್ರ, ಬಾಡಿಗೆ, ವಿನಿಪೆಗ್,
ಬಂದವರ ಊರು ನೋಡಿ ಬದಲಾಗುವ ಅಂಗಡಿ.
ಅವನು ತಲೆದೂಗುತ್ತ ಕೇಳಿದ, ಏನೂ ಹತ್ತಲಿಲ್ಲ.
'ಮೂರು ಸಲ ಒತ್ತಿ ನೋಡಿದೆ,' ಎಂದ ಕೊನೆಗೆ,
ತಪ್ಪೊಪ್ಪಿಕೊಳ್ಳುವ ದನಿಯಲ್ಲಿ,
'ಬ್ರೇಕು ಹೇಗಿದೆ ಅಂತ.'

ಸಾಗರದಾಚೆ, 'ಇತರೆ' ಎಂಬ ಸಾಲಿನಲ್ಲಿ
ಮೂರು ತೊಟ್ಟು ಬಿದ್ದಿರಬೇಕು.

ರನ್ವಾ ಒಲೆಯ ಪಕ್ಕದ ಸ್ಟೂಲು ಎಳೆದಳು.
'ಕೂತ್ಕೋ. ಬೂಟು ಬಿಚ್ಚು.
ಹೋದ ವರ್ಷದ ಅಳತೆಯೇ ತಾನೆ?'

ಎಡಗಾಲು ಸ್ವಲ್ಪ ಊದಿದೆ, ಎಂದ.